ಬಿಸಿಲುಗೋಡೆಯ ಮುಂದಿನ ಸಾಲು

ಹಿಲ್ಕಾ ಮತ್ತು ಐಮೊ ನನ್ನ ಗೋಡೆಯಾಚೆಯವರು. ಇಸಾಲ್ಮಿ ಎಂಬ ಈ ಹಿಮದೂರಿನಲ್ಲಿ ನಮ್ಮ ಸಾಲುಮನೆಗಳ ಗೋಡೆ ಬಹಳ ತೆಳು. ಶನಿವಾರ ಸಂಜೆ ನನ್ನ ರೇಡಿಯೊದಲ್ಲಿ ಟ್ಯಾಂಗೊ ಹಾಡುಗಳು ಬರುವ ಹೊತ್ತಿಗೆ ಆಚೆಯ ಅಡುಗೆಮನೆಯ ನೆಲ ಮೆಲ್ಲಗೆ ಕಿರುಗುಟ್ಟತೊಡಗುತ್ತದೆ. ಅವರ ಮನೆಯಲ್ಲಿ ರೇಡಿಯೊ ಇಲ್ಲ. ನನ್ನದಕ್ಕೇ ಇಬ್ಬರೂ ಕುಣಿಯುತ್ತಾರೆ. ನಾನು ಹೊಸದಾಗಿ ಬಂದಾಗ ಒಮ್ಮೆ ಹಾಡಿನ ನಡುವೆ ರೇಡಿಯೊ ಆರಿಸಿಬಿಟ್ಟಿದ್ದೆ. ಗೋಡೆಯ ಮೇಲೆ ಟಕಟಕ ಸದ್ದಾಯಿತು.

"ಏನಮ್ಮಾ, ಇವನ ಕಾಲು ಗಾಳೀಲೇ ನಿಂತಿದೆ! ಹಾಡು ಮುಗಿಸು!" ಅಂದರು ಹಿಲ್ಕಾ.

ಅಂದಿನಿಂದ ಶನಿವಾರ ನಾನು ದನಿಯನ್ನು ತುಸು ಏರಿಸಿಯೇ ಇಡುತ್ತೇನೆ.

ಹಿಲ್ಕಾ ಶಾಲೆಯ ಅಡುಗೆಮನೆಯಲ್ಲಿ ದುಡಿದವರು, ಐಮೊ ರೈಲುಹಳಿಯ ಮೇಲೆ. ಇಬ್ಬರ ಪಿಂಚಣಿಯೂ ಚಿಕ್ಕದು. ಆದರೂ ಅವರಷ್ಟು ಖುಷಿಯಾಗಿರುವವರನ್ನು ನಾನು ಬೇರೆ ಕಂಡಿಲ್ಲ. ಖುಷಿಗೆ ದುಡ್ಡು ಕೊಡುವುದೆಂದರೆ ಮಾತ್ರ ಅವರಿಗೆ ಮೋಸ ಹೋದಂತೆ. ನನ್ನ ಪತ್ರಿಕೆಯನ್ನು ಐಮೊ ಮರುದಿನ ಒಯ್ದು ಓದುತ್ತಾರೆ. "ನಿನ್ನೇದು ಓದಿದ್ರೆ ಚಿಂತೆ ಇಲ್ಲ, ಆಗಬೇಕಾದ್ದೆಲ್ಲ ಆಗಿಹೋಗಿರತ್ತೆ" ಎನ್ನುತ್ತಾರೆ. ಅವರ ಸೌನಾದ ಬಿಸಿಕೋಣೆಯಲ್ಲಿ ಕೂತು ಬೆವರಿದ ಮೇಲೆ ಉಳಿದ ಕಾವಿನಲ್ಲಿ ಮೂಲಂಗಿ ಬೇಯುತ್ತದೆ, ಆಮೇಲೂ ಉಳಿದ ಕಾವಿನಲ್ಲಿ ಕಾಲುಚೀಲ ಒಣಗುತ್ತದೆ. ಒಮ್ಮೊಮ್ಮೆ ಕ್ರಮ ತಪ್ಪುವುದೂ ಉಂಟು.

ಅವರ ದೊಡ್ಡ ಹಬ್ಬವೆಂದರೆ ಹೊಸ ಅಂಗಡಿಯ ಆರಂಭ. ನಮ್ಮಲ್ಲಿ ಅಂಗಡಿ ತೆರೆದ ದಿನ ಬಂದವರಿಗೆಲ್ಲ ಕಾಫಿ, ಏಲಕ್ಕಿ ಬನ್ನು ಮತ್ತು ಒಂದು ಪ್ಲಾಸ್ಟಿಕ್ ಬಕೆಟ್ಟು ಪುಕ್ಕಟೆ. ಬಕೆಟ್ಟಿಗಾಗಿ ಊರಿಗೆ ಊರೇ ಹಿಮದಲ್ಲಿ ಸಾಲು ನಿಲ್ಲುತ್ತದೆ, ನ್ಯಾಯಾಧೀಶರೂ ನಿಲ್ಲುತ್ತಾರೆ. ಸಾಲಿನ ತಲೆಯಲ್ಲಿ ಯಾವಾಗಲೂ ಹಿಲ್ಕಾ ಮತ್ತು ಐಮೊ. ಅವರ ಶೆಡ್ಡು ಬಾಗಿಲಿನವರೆಗೆ ಬಕೆಟ್ಟಿನಿಂದ ತುಂಬಿತ್ತು.

ಈ ಮಾರ್ಚ್‌ನಲ್ಲಿ ಹಿಲ್ಕಾರ ತಂಗಿ ರಾಕೆಲ್ ಸ್ಪೇನಿನಿಂದ ಫೋನು ಮಾಡಿದರು. ಆಕೆ ಕಡಲತೀರದಲ್ಲಿ ಮನೆ ಕೊಂಡಿದ್ದಾರೆ. ಫೋನಿನಲ್ಲಿ ಆಕೆಯ ದನಿ ಎಷ್ಟು ಜೋರೆಂದರೆ ಗೋಡೆ ದಾಟಿ ನನಗೂ ಕೇಳಿಸಿತು.

"ಅಕ್ಕಾ, ಆ ಜಿಪುಣನ ಜೊತೆ ಹಿಮದಲ್ಲಿ ಬಕೆಟ್ ಪೇರಿಸಿದ್ದು ಸಾಕು. ನೀನು ಒಂದು ದಿನವಾದ್ರೂ ಸುಖಪಟ್ಟಿದೀಯಾ? ಇನ್ಮೇಲೆ ನನ್ ಜೊತೆ ಬಂದಿರು. ಇರೋದು ಒಂದೇ ಹೆಚ್ಚಿನ ಹಾಸಿಗೆ, ಭಾವ ಅಲ್ಲೇ ಇರ್ಲಿ. ಸೋಮವಾರ ಮಧ್ಯಾಹ್ನದ ರೈಲಿಗೆ ಬರ್ತೀನಿ, ಹೂಂ ಅಥವಾ ಊಹೂಂ, ಹೇಳಿಬಿಡು."

ಹಿಲ್ಕಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಹೋಗ್ತೀಯಾ ಅಂದೆ. ನೋಡೋಣ ಅಂದ್ಲು," ಎಂದು ಐಮೊ ಸೌದೆರಾಶಿಯ ಬಳಿ ನನಗೆ ಹೇಳಿ, ಒಂದೇ ಕೊರಡನ್ನು ಬಹಳ ಹೊತ್ತು ಸಣ್ಣ ಸಣ್ಣಗೆ ಸೀಳುತ್ತ ನಿಂತರು. ಆ ಶನಿವಾರ ಟ್ಯಾಂಗೊ ಬಂತು, ಹೋಯಿತು. ನೆಲ ಕಿರುಗುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಹಿಮದ ಮೇಲೆ ಮೊದಲ ಗಟ್ಟಿ ಬಿಸಿಲು ಬಿತ್ತು. ಮುಚ್ಚಿಹೋದ ಹಾಲಿನ ಡೇರಿಯ ಇಟ್ಟಿಗೆಗೋಡೆ ದಕ್ಷಿಣಕ್ಕೆ ಮುಖ ಮಾಡಿದೆ. ಅದಕ್ಕೆ ಬೆನ್ನು ಕೊಟ್ಟು ಕೂತರೆ ಒಲೆಗೆ ಒರಗಿದಂತೆ. ಪ್ರತಿ ವರ್ಷದಂತೆ ಹಿಲ್ಕಾ ಮತ್ತು ಐಮೊ ಎರಡು ಬಕೆಟ್ಟು ಬೋರಲು ಹಾಕಿ ಅಲ್ಲಿ ಕೂತು ಫ್ಲಾಸ್ಕ್ ತೆರೆದರು.

ಕ್ಷೌರದಂಗಡಿಯ ಸೊಯ್ಲಿ ಆ ದಾರಿಯಲ್ಲಿ ಬಂದಳು. ಅವಳು ಕಂಡದ್ದು ಈ ಇಬ್ಬರು, ಬಾಗಿಲು ಮುಚ್ಚಿದ ಕಟ್ಟಡ, ಅವರ ಕೆಳಗೆ ಬಕೆಟ್ಟು. ಹೊಸ ಅಂಗಡಿಯೇ ಇರಬೇಕೆಂದು ಸುಮ್ಮನೆ ಅವರ ಪಕ್ಕಕ್ಕೆ ಸಾಲು ನಿಂತಳು. ಅವಳನ್ನು ನೋಡಿ ಇನ್ನೊಬ್ಬರು. ಕಾಲೇಜಿಗೆ ಹೊರಟಿದ್ದ ನಾನೂ ನಿಂತೆ. ಯಾಕೆ ನಿಂತಿದ್ದೀರಿ ಎಂದು ಕೇಳುವುದು ನಮ್ಮಲ್ಲಿ ಸಂಬಳ ಕೇಳಿದಷ್ಟೇ ಅಸಭ್ಯ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಹಸು ನಿಲ್ಲುವಷ್ಟು ಜಾಗ ಬಿಡುವುದು ವಾಡಿಕೆಯಾದ್ದರಿಂದ ಸಾಲು ಬೇಗನೆ ಮೂಲೆ ತಿರುಗಿ ಗ್ರಂಥಾಲಯ ಮುಟ್ಟಿತು.

"ಐಮೊ, ನಮ್ಮ ಪಕ್ಕ ಜನ ಇದಾರೆ," ಅಂದರು ಹಿಲ್ಕಾ.

"ಬಿಸಿಲು ಕಾಯಿಸ್ಕೊಳ್ಳಲಿ ಬಿಡು. ಗೋಡೆ ಏನು ನಮ್ಮಪ್ಪಂದಾ?"

"ಬಿಸಿಲಿಗೆ ಬೆನ್ನು ಹಾಕಿ ನಿಂತಿದಾರಲ್ಲೋ. ಸಾಲು ನಿಂತಿದಾರೆ!"

"ಹಾಗಾದ್ರೆ ಎದ್ದು ಹೋಗೋಣ."

"ಹೋದ್ರೆ ಸೊಯ್ಲಿ ನಮ್ಮ ಜಾಗಕ್ಕೆ ಬರ್ತಾಳೆ ಅಷ್ಟೆ. ಪಾಪ, ಸಂಜೆವರೆಗೂ ನಿಂತಿರ್ತಾಳೆ."

ಐಮೊ ಎದ್ದು ನಿಂತು ಕೂಗಿದರು: "ಇಲ್ಲಿ ಏನೂ ಕೊಡಲ್ಲ ಕಣ್ರಪ್ಪಾ! ನಾವು ಸುಮ್ನೆ ಕೂತಿದೀವಿ!"

ಸಾಲಿನವರು ಪರಸ್ಪರ ನೋಡಿದರು. ಈ ಉಪಾಯ ನಮಗೆ ಗೊತ್ತಿಲ್ಲವೇ ಎಂಬಂತೆ ತಲೆದೂಗಿ, ಹಸುವಿನ ಜಾಗವನ್ನು ಕರುವಿನಷ್ಟಕ್ಕೆ ಇಳಿಸಿ ಮುಂದೆ ಒತ್ತಿಕೊಂಡರು.

ರೈಲಿನ ಹೊತ್ತಾಗುತ್ತಿತ್ತು. "ನೀನು ಸ್ಟೇಷನ್ನಿಗೆ ಹೊರಡು," ಅಂದರು ಐಮೊ, ಫ್ಲಾಸ್ಕಿನ ಮುಚ್ಚಳ ನೋಡುತ್ತ. "ಅವಳ ಜೊತೆ ಹೋಗೋದೇ ಆದ್ರೂ... ಹೋಗು."

"ಜನ ಚಳೀಲಿ ನಿಂತಿರುವಾಗ? ನಮ್ಮನ್ನ ನಂಬಿ ನಿಂತಿದಾರೆ. ಹೋಗಿ ಶೆಡ್ಡಿನ ಬೀಗ ತೆಗಿ. ಎಲ್ಲಾ ತಗೊಂಡು ಬಾ."

"ಎಲ್ಲಾನೂ?"

"ಎಲ್ಲಾನೂ."

ನನ್ನ ಜಾಗದಲ್ಲಿ ಕೈಗವಸು ಇಟ್ಟು ನಾನೂ ಐಮೊ ಜೊತೆ ಹೋದೆ. ಕಾಲಲ್ಲಿ ಒದ್ದು ಓಡಿಸುವ ಅವರ ಜಾರುಬಂಡಿಯ ಮೇಲೆ ಬಕೆಟ್ಟುಗಳನ್ನು ಗೋಪುರದಂತೆ ಪೇರಿಸಿದೆವು. ದಾರಿಯುದ್ದಕ್ಕೂ ಐಮೊ ಒಂದೇ ಮಾತು ಹೇಳುತ್ತಿದ್ದರು: "ಮನೆ ಖಾಲಿ ಮಾಡ್ತಿದಾಳೆ. ಹೊರಡೋರು ತಾನೇ ಖಾಲಿ ಮಾಡೋದು?" ಮತ್ತೆ ಮತ್ತೆ ಹೋಗಿ ಬಂದು ಶೆಡ್ಡು ಬರಿದು ಮಾಡಿದೆವು.

ಹಿಲ್ಕಾ ಒಂದೊಂದನ್ನೇ ಎತ್ತಿಕೊಟ್ಟರು. "ಇದು ಮೀನಂಗಡೀದು. ಅವತ್ತು ಐಮೊನ ಮೀಸೆ ಹೆಪ್ಪುಗಟ್ಟಿ ಬಾಯೇ ತೆಗೆಯಕ್ಕಾಗಲಿಲ್ಲ. ಅವನ ಬನ್ನೂ ನಾನೇ ತಿಂದೆ. ಜೋಪಾನವಾಗಿಟ್ಕೊ." "ಇದು ಬ್ಯಾಂಕಿಂದು. ಬ್ಯಾಂಕ್ ಮುಳುಗ್ತು, ಬಕೆಟ್ ಇನ್ನೂ ಸೋರಿಲ್ಲ. ಅಲ್ಲಿಂದ ಮನೆಗೆ ಬರೋವರೆಗೂ ಇವನು ಇದನ್ನ ಬಡಿದು ತಾಳ ಹಾಕ್ದ, ನಾನು ಹಾಡ್ದೆ." ಜನ ಗಂಭೀರವಾಗಿ ಕೇಳಿಸಿಕೊಂಡು, ವಂದಿಸಿ, ಬಕೆಟ್ಟು ಒಯ್ದರು. ಸಾಲು ಬಹಳ ನಿಧಾನ ಎಂದು ಒಬ್ಬರು ಗೊಣಗಿದರು. ಐಮೊ ಜಾರುಬಂಡಿಗೆ ಒರಗಿ ಹೆಂಡತಿಯನ್ನೇ ನೋಡುತ್ತಿದ್ದರು, ತಮ್ಮ ಬದುಕಿನ ಸುದ್ದಿ ಮೊದಲ ಬಾರಿ ಕೇಳುವವರಂತೆ.

ಕೊನೆಯ ಬಕೆಟ್ಟೂ ಹೋದಾಗ ಸಾಲಿನಲ್ಲಿ ಉಳಿದಿದ್ದು ಒಬ್ಬರೇ. ಬಿಸಿಲಿಗೆ ಕಂದಿದ ಮುಖ, ತೆಳು ಕೋಟು, ಚಕ್ರದ ಸೂಟ್‌ಕೇಸು.

"ಅಕ್ಕಾ?! ನೀನಾ ಕೊಡ್ತಿರೋದು?"

"ರಾಕೆಲ್! ನೀನ್ಯಾಕೆ ನಿಂತೆ?"

"ಸ್ಟೇಷನ್ನಿಂದ ಬರ್ತಿದ್ದೆ. ಸಾಲು ಇತ್ತು." ರಾಕೆಲ್ ಖಾಲಿ ಜಾರುಬಂಡಿಯನ್ನು ನೋಡಿದರು. "ಮುಗೀತಾ? ಇಷ್ಟು ಹೊತ್ತು ನಿಂತಿದೀನಿ ಕಣೇ!" ದನಿಯಲ್ಲಿ ನಿಜವಾದ ನೋವಿತ್ತು.

ಉಳಿದಿದ್ದವು ಕೂರುವ ಎರಡು ಬಕೆಟ್ಟು ಮಾತ್ರ. ಐಮೊ ತಮ್ಮದನ್ನು ಎತ್ತಿ ರಾಕೆಲ್ ಕಡೆ ಚಾಚಿದರು. ಹಿಲ್ಕಾ ಅದನ್ನು ನಡುವೆಯೇ ಕಿತ್ತುಕೊಂಡು ಮತ್ತೆ ಗೋಡೆಯ ಬುಡದಲ್ಲಿ, ತಮ್ಮದರ ಪಕ್ಕ, ಬೋರಲು ಹಾಕಿದರು.

"ಇದು ಅವನು ಕೂರೋದು. ಕೊಡಲ್ಲ."

"ಹೋಗ್ಲಿ ಬಿಡಕ್ಕಾ. ನಡಿ ನನ್ ಜೊತೆ. ಸ್ಪೇನಲ್ಲಿ ನಿಂಗೆ ಎಷ್ಟು ಬೇಕಾದ್ರೂ ಬಕೆಟ್ ಕೊಡಿಸ್ತೀನಿ."

"ದುಡ್ಡು ಕೊಟ್ಟಾ?" ಅಂದರು ಹಿಲ್ಕಾ.

ರಾಕೆಲ್ ಅಕ್ಕನ ಮುಖ ನೋಡಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಐಮೊ ಗಂಟಲು ಸರಿಮಾಡಿಕೊಂಡರು. "ಮತ್ತೆ ಶೆಡ್ಡು ಯಾಕೆ ಖಾಲಿ ಮಾಡಿಸ್ದೆ?"

"ಏಪ್ರಿಲಲ್ಲಿ ಹೊಸ ಕಬ್ಬಿಣದಂಗಡಿ ತೆಗೀತಾರೆ. ಹೊಸಾವನ್ನ ಎಲ್ಲಿಡ್ತೀಯೋ, ನಿನ್ನ ತಲೆ ಮೇಲಾ?"

ಐಮೊ ಕೂತರು. ಹಿಲ್ಕಾ ಕಾಫಿ ಬಗ್ಗಿಸಿ ಮುಚ್ಚಳವನ್ನು ಮೊದಲು ತಂಗಿಗೆ ಕೊಟ್ಟರು. ರಾಕೆಲ್ ಸೂಟ್‌ಕೇಸನ್ನು ಅಡ್ಡ ಮಲಗಿಸಿ, ಅದರ ಮೇಲೆ ಕೂತು, ಬೆಚ್ಚನೆಯ ಇಟ್ಟಿಗೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು. ಸೂರಿನಿಂದ ಹಿಮ ತೊಟ್ಟಿಕ್ಕುತ್ತಿತ್ತು.

ನನ್ನ ಕೈಗವಸು ತೆಗೆದುಕೊಂಡು ಹೊರಡುವಾಗ ತಿರುಗಿ ನೋಡಿದೆ. ಸೂಟ್‌ಕೇಸಿನ ಪಕ್ಕಕ್ಕೆ ಆಗಲೇ ಇಬ್ಬರು ಬಂದು ಸಾಲು ನಿಂತಿದ್ದರು.