ಹಲಸಿನ ಮೇಣ, ಜೇನಿನ ಮೇಣ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹೆಗ್ಗಡದೇವನಕೋಟೆಯ ಒಬ್ಬ ಖಾಸಗಿ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದೆ. ಸುತ್ತಲಿನ ಜನಕ್ಕೆ ಡಾಕ್ಟರಿಗಿಂತ ಅವರ ಕಾರೇ ಹೆಚ್ಚು ಪರಿಚಯ. ದುಂಡು ಬೆನ್ನಿನ ಹಳೆಯ ಕಾರು, ಕುಂಕುಮಕ್ಕಿಂತ ಒಂದು ಪಾಲು ಗಾಢವಾದ ಕೆಂಪು. ಎನ್. ಬೇಗೂರಿನ ಹಾದಿಯಲ್ಲಿ ಧೂಳೆದ್ದರೆ ದನ ಮೇಯಿಸುವವರು "ಕೆಂಪು ಕಾರು ಬಂತು" ಅನ್ನುತ್ತಿದ್ದರೇ ಹೊರತು ಡಾಕ್ಟರು ಬಂದರು ಅನ್ನುತ್ತಿರಲಿಲ್ಲ. ಇದರಿಂದ ಡಾಕ್ಟರಿಗೇನೂ ಬೇಜಾರಿರಲಿಲ್ಲ, ಒಳಗೊಳಗೇ ಹೆಮ್ಮೆ.

ಅಂಥ ಮನುಷ್ಯನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಕಾರನ್ನು ತಳ್ಳಿಸಿಕೊಂಡು ಹೋಗಿ ಹಿತ್ತಲ ಹಲಸಿನ ಮರದ ಕೆಳಗೆ ನಿಲ್ಲಿಸಿದವನು ನಾನೇ. ನೆರಳಿದೆಯಲ್ಲ ಎಂಬುದು ನನ್ನ ಬುದ್ಧಿವಂತಿಕೆ. ಮೂರು ವರ್ಷ ಅಲ್ಲೇ ನಿಂತಿತು. ಕೋತಿಗಳು ಎಳೆಗಾಯಿ ಕಿತ್ತಾಗಲೆಲ್ಲ ತೊಟ್ಟಿನಿಂದ ಮೇಣ ಸುರಿದು, ಅದರ ಮೇಲೆ ಎಲೆ, ಧೂಳು, ಹಕ್ಕಿಯ ಹಿಕ್ಕೆ ಕೂತು, ಮೇಲ್ಭಾಗವೆಲ್ಲ ಕಪ್ಪು ಕಜ್ಜಿ ಎದ್ದ ಹಾಗಿತ್ತು. ಮೇಣ ಬೀಳದ ಕಡೆ ಬಣ್ಣ ಸತ್ತು ಸುಣ್ಣದಂತಾಗಿತ್ತು. ಬೆರಳಿಟ್ಟರೆ ಪುಡಿ ಬರುತ್ತಿತ್ತು.

ಮೈಸೂರಿನಲ್ಲಿದ್ದ ಡಾಕ್ಟರ ತಂಗಿ ಅವರನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಬಾಡಿಗೆ ಮನೆ ಖಾಲಿಯಾಗಬೇಕು, ಕಾರೂ ಹೋಗಬೇಕು. ಭೇರ್ಯದ ಕಡೆಯ ಒಬ್ಬ ರೈತರು ಹೇಳಿ ಕಳಿಸಿದರು. ಅವರದು ಆಲೆಮನೆ. ಕಾರು ಹೇಗಾದರೂ ಇರಲಿ, ಎಂಜಿನ್ ಗಟ್ಟಿಯಿದ್ದರೆ ಬಿಚ್ಚಿಕೊಂಡು ಹೋಗಿ ಕಬ್ಬಿನ ಗಾಣಕ್ಕೆ ಹಾಕುತ್ತಾರಂತೆ. ಮಿಕ್ಕಿದ್ದು ಗುಜರಿಗೆ. ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದಿದ್ದರು.

ಈ ಸುದ್ದಿ ತಿಳಿಸಿದಾಗ ಡಾಕ್ಟರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಸಂಜೆ ಗಂಜಿ ಕುಡಿಸುವಾಗ ಒಂದೊಂದೇ ಮಾತು ಕಷ್ಟಪಟ್ಟು ಹೊರಗೆ ತಂದರು.

"ಗಾಣಕ್ಕೆ ಬೇಡ ಕಣಯ್ಯ. ಕಾರು... ಕಾರಾಗೇ ಹೋಗ್ಲಿ."

ಹಾಸಿಗೆ ಹಿಡಿದ ಮೂರು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಏನಾದರೂ ಕೇಳಿದ್ದರೆ ಇದೊಂದೇ.

ಕಾರು ಹೊಳೆದರೆ ಬಿಚ್ಚಲು ಯಾರಿಗೂ ಮನಸ್ಸು ಬಾರದು ಎಂದುಕೊಂಡು ಮರುದಿನವೇ ಟೊಂಕ ಕಟ್ಟಿ ನಿಂತೆ. ಕಾಂಪೌಂಡರಿಗೆ ಹೊಳಪು ಎಂದರೆ ಹಿತ್ತಾಳೆಯ ಹೊಳಪು. ಪ್ರತಿ ಆಯುಧಪೂಜೆಗೂ ಔಷಧಿ ತೂಗುವ ತಕ್ಕಡಿಯನ್ನು ಹುಣಸೆಹಣ್ಣು, ಒಲೆಬೂದಿ ಹಾಕಿ ತಿಕ್ಕಿ ಫಳಫಳ ಮಾಡುತ್ತಿದ್ದೆ. ಅದನ್ನೇ ಕಾರಿಗೂ ಮಾಡಿದೆ. ತೆಂಗಿನನಾರು ಹಿಡಿದು ಬಾನೆಟ್ಟಿನ ಮೇಲೆ ಬೆವರು ಹರಿಸಿ ತಿಕ್ಕಿದೆ. ನೀರು ಹಾಕಿ ನೋಡುತ್ತೇನೆ, ಮೇಣ ಕೂತಲ್ಲೇ ಕೂತಿದೆ, ಅದರ ಸುತ್ತ ಬಣ್ಣವೆಲ್ಲ ಬೆಕ್ಕು ಪರಚಿದ ಹಾಗೆ ಗೀರುಗೀರು.

"ಇದೇನ್ ಬಿಂದ್ಗೆ ಅಂದ್ಕಂಡ್ರಾ ಕಾಂಪೌಂಡ್ರೇ?"

ಹಿಂದೆ ನಿಂತಿದ್ದವಳು ಮನೆ ಗುಡಿಸಿ ನೀರು ಸೇದಲು ಬರುತ್ತಿದ್ದ ಅಕ್ಕ. ಬೇಗೂರಿನ ಕಡೆಯ ಕಾಡಂಚಿನ ಹಾಡಿಯವಳು, ನಲವತ್ತರ ಹತ್ತಿರದ ವಯಸ್ಸು. ಗಂಡ ಕಾಡಿನಲ್ಲಿ ಜೇನು ಇಳಿಸುತ್ತಿದ್ದ, ಇವಳು ಪೇಟೆಯಲ್ಲಿ ಕೂಲಿ ಮಾಡುತ್ತಿದ್ದಳು. ನಾಲಿಗೆ ಬಹಳ ಚುರುಕು. ನಾನು ಉತ್ತರಿಸುವ ಮೊದಲೇ ಇನ್ನೊಂದು ಎಸೆದಳು.

"ಹಲಸಿನಣ್ಣು ಕುಯ್ದ ಕೈಯ ಹುಣಸೆಣ್ಣಲ್ಲಿ ತೊಳೀತೀರಾ ನೀವು?"

ನನ್ನ ತಲೆಯ ಮೇಲೆ ಯಾರೋ ಮೊಟಕಿದ ಹಾಗಾಯಿತು. ಹಲಸು ಕುಯ್ಯುವವರು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆಂದು ಎಳೆ ಮಕ್ಕಳಿಗೂ ಗೊತ್ತು. ಅಷ್ಟೇಕೆ, ಗಾಯದ ಪ್ಲಾಸ್ಟರ್ ಕಿತ್ತ ಮೇಲೆ ಚರ್ಮದಲ್ಲಿ ಉಳಿದ ಅಂಟನ್ನು ದಿನವೂ ಎಣ್ಣೆ ಹತ್ತಿಯಲ್ಲಿ ಒರೆಸುತ್ತಿದ್ದವನು ನಾನೇ. ಕಾರು ಎಂದ ಕೂಡಲೇ ತಿಳಿದದ್ದೆಲ್ಲ ಮರೆತುಹೋಗಿತ್ತು.

ಅಂದಿನಿಂದ ಅವಳು ಯಜಮಾನಿ, ನಾನು ಆಳು. ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ. ಹರಳೆಣ್ಣೆ ಬೆಚ್ಚಗೆ ಮಾಡಿ, ಹಳೆಯ ಪಂಚೆಯ ಚೂರುಗಳನ್ನು ಅದ್ದಿ, ಒಂದೊಂದು ಮೇಣದ ಗಂಟಿನ ಮೇಲೂ ಪಟ್ಟು ಹಾಕುವ ಹಾಗೆ ಹಾಕಿದಳು. ನಾನು ಗಳಿಗೆಗೊಮ್ಮೆ ಎತ್ತಿ ನೋಡಲು ಹೋದರೆ ಕೈ ತಳ್ಳುತ್ತಿದ್ದಳು.

"ನೆನೀಲಿ ಬುಡಿ. ಆತುರುಕ್ಕೆ ಎಬ್ಬುದ್ರೆ ಬಣ್ಣಾನೂ ಕಿತ್ಕಂಡೇ ಬತ್ತದೆ."

ಅವಳ ಕೈಯ ಹದ ನೋಡಬೇಕಿತ್ತು. ಉಗುರು ಹಾಕುತ್ತಿರಲಿಲ್ಲ, ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಒತ್ತಿ ಒತ್ತಿ ನೋಡುವಳು. ಹದವಾಗಿದ್ದರೆ ಮೇಣ ತಾನಾಗಿ ಸುರುಳಿ ಸುತ್ತಿಕೊಂಡು ಎದ್ದು ಬರುವುದು. ಆಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಬಟ್ಟೆ. ಕೆಲವು ಗಂಟುಗಳು ಮೂರು ದಿನ ಸತಾಯಿಸಿದವು. ಆಸ್ಪತ್ರೆಗಳಲ್ಲಿ ಎಷ್ಟೋ ಜನ ನರ್ಸುಗಳನ್ನು ನೋಡಿದ್ದೇನೆ, ಅಷ್ಟು ನೋವಾಗದಂತೆ ಪಟ್ಟಿ ಬಿಚ್ಚುವ ಕೈ ಇನ್ನೊಂದು ಕಂಡಿಲ್ಲ. ಆರನೆಯ ದಿನ ಸೀಗೆಪುಡಿ ಹಾಕಿ ಜಿಡ್ಡು ತೊಳೆದಳು. ಕಾರಿಗೂ ಒಂದು ಎಣ್ಣೆಸ್ನಾನ ಆಯಿತು.

ಮೇಣ ಹೋಯಿತು, ಸತ್ತ ಬಣ್ಣ ಹಾಗೇ ಇತ್ತು. ನಾನು ಬಸ್ಸು ಹತ್ತಿ ಹುಣಸೂರಿಗೆ ಹೋಗಿ ಲಾರಿಗಳಿಗೆ ಬಣ್ಣ ಹೊಡೆಯುವ ಪೇಂಟರನ್ನು ಕಂಡೆ. ಅವನು ಒಂದು ಡಬ್ಬಿ ಕೈಗಿತ್ತು, ಇದರ ಹೆಸರು ಕಾಂಪೌಂಡು ಎಂದ. ನಾನು ಕಾಂಪೌಂಡರ್ ಎಂದು ಗೊತ್ತಾದ ಮೇಲೆ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಪಾಠ ಹೇಳಿದ.

"ಒದ್ದೆ ಬಟ್ಟೇಲಿ ಮೆತ್ತಗೆ ಉಜ್ಜಿ. ಬಟ್ಟೆ ಕೆಂಪಾದ್ರೆ ಎದ್ರುಕೋಬ್ಯಾಡಿ, ಅದು ಸತ್ತ ಬಣ್ಣ. ತಗಡು ಕಂಡ್ರೆ ಮಾತ್ರ ಎದ್ರುಕೊಳಿ. ಎಲ್ಲ ಆದ್ಮೇಲೆ ಮೇಣ ಹಚ್ಬುಡಿ."

ಊರಿಗೆ ಬಂದವನೇ ಅಕ್ಕನಿಗೆ ಎಲ್ಲ ಒಪ್ಪಿಸಿ, ಕೊನೆಗೆ ಮೇಣ ಬೇಕಂತೆ, ಸ್ವಲ್ಪ ತಂದುಕೊಡು ಎಂದೆ. ಅವಳು ನನ್ನನ್ನು ಒಂದು ಥರ ನೋಡಿದಳು. ಮರುದಿನ ಬೆಳಿಗ್ಗೆ ಕಡ್ಡಿಗೆ ಸುತ್ತಿದ ಹಲಸಿನ ಮೇಣದ ಉಂಡೆ ತಂದು ಜಗಲಿಯ ಮೇಲೆ ಕುಕ್ಕಿದಳು. ತೂತು ಬಿದ್ದ ಪಾತ್ರೆಗೆ ಮೆತ್ತಲು ಮನೆಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದು.

"ಆರು ದಿನ ತೆಗ್ದಿದ್ದ ತಿರ್ಗ ಬಳೀಬೇಕಾ? ನಿಮ್ ಹುಣಸೂರ್ನೋರ್ಗೆ ತಲೆ ನೆಟ್ಟಗದಾ ಇಲ್ವಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪೇಂಟರ್ ಹೇಳಿದ್ದು ಜೇನಿನ ಮೇಣ, ಅವಳಿಗೆ ಕೇಳಿಸಿದ್ದು ಹಲಸಿನ ಮೇಣ. ಕೆಡಿಸಿದ್ದಕ್ಕೂ ಮೇಣವೆಂದೇ ಹೆಸರು, ಕಾಪಾಡುವುದಕ್ಕೂ ಮೇಣವೆಂದೇ ಹೆಸರು. ಬಿಡಿಸಿ ಹೇಳಿದಾಗ ಅವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಒಳಗೆ ಮಲಗಿದ್ದ ಡಾಕ್ಟರೂ ಗೊಗ್ಗರು ದನಿಯಲ್ಲಿ ನಕ್ಕದ್ದು ಕೇಳಿಸಿತು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅವಳ ಗಂಡ ಜೇನುಮೇಣ ಕಳಿಸಿದ. ಅಲ್ಲಿ ಮಾತ್ರ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಮುಲಾಮು ಮಾಡುವ ಹಾಗೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆಯಿಂದ ದೂರ ತಂದು ಟರ್ಪೆಂಟೈನ್ ಸೇರಿಸಿ ಕಲಸಿದೆ. ಅದನ್ನು ಹಚ್ಚುವ ಮೊದಲು ಇಬ್ಬರೂ ಸೇರಿ ಕಾಂಪೌಂಡು ಉಜ್ಜಿದೆವು. ಬಟ್ಟೆ ಕೆಂಪಾದಂತೆಲ್ಲ ನನಗೆ ರಕ್ತ ಸೋರುತ್ತಿದೆಯೇನೋ ಎಂಬ ಭಯ. ಆದರೆ ಸುಣ್ಣದಂಥ ಪೊರೆಯ ಕೆಳಗಿನಿಂದ ಆ ಹಳೆಯ ಕೆಂಪು ಅಂಗೈಯಗಲ ಅಂಗೈಯಗಲ ಮೇಲೆ ಬಂತು. ನಾನು ಹುಣಸೆಹಣ್ಣು ತಿಕ್ಕಿದ ಗೀರುಗಳೂ ಮುಕ್ಕಾಲು ಪಾಲು ಮಾಯವಾದವು. ಉಜ್ಜಿದ ಕಡೆಯೆಲ್ಲ ಜೇನುಮೇಣ ಹಚ್ಚಿದೆವು. ದಿನವೂ ಸಂಜೆ ಡಾಕ್ಟರು "ಎಲ್ಲಿಗೆ ಬಂತು?" ಎಂದು ಕೇಳುವರು. ಬಾನೆಟ್ಟು ಆಯಿತು, ಮೇಲ್ಗಡೆ ಆಯಿತು ಎಂದು ನಾನು ವರದಿ ಒಪ್ಪಿಸುವೆ.

ಎಡಗಡೆಯ ಹಿಂದಿನ ಬಾಗಿಲೊಂದನ್ನು ಮಾತ್ರ ಅಕ್ಕ ನನಗೆ ಮುಟ್ಟಗೊಡಲಿಲ್ಲ.

"ಅದ ನಾನ್ ನೋಡ್ಕತೀನಿ ಬುಡಿ" ಅಂದಳು. ಯಾಕೆ ಎಂದು ನಾನೂ ಕೇಳಲಿಲ್ಲ.

ಹೇಳಿದ ದಿನಕ್ಕೆ ಸರಿಯಾಗಿ ಭೇರ್ಯದವರು ಬಂದರು. ಹಣೆಯ ತುಂಬ ವಿಭೂತಿ, ತಲೆಗೆ ರುಮಾಲು. ಜೊತೆಯಲ್ಲಿ ಒಬ್ಬ ಮೆಕ್ಯಾನಿಕ್, ಅವನ ಗೋಣಿಚೀಲದಲ್ಲಿ ಎಂಜಿನ್ ಬಿಚ್ಚುವ ಪಾನಾಗಳು, ಕೈಯಲ್ಲಿ ಒಂದು ಬ್ಯಾಟರಿ. ಡಾಕ್ಟರನ್ನು ಎತ್ತಿ ತಂದು ಹಿತ್ತಲ ಜಗಲಿಯ ಮೇಲೆ ಕೂರಿಸಿದ್ದೆ. ಮೂರು ವರ್ಷದ ಮೇಲೆ ಅವರು ತಮ್ಮ ಕಾರನ್ನು ನೋಡಿದ್ದು ಆಗಲೇ. ಎಡಗೈ ಮೊಣಕಾಲನ್ನು ಸವರುತ್ತಲೇ ಇತ್ತು.

ಎಂಜಿನ್ ನಾಲ್ಕು ಸಲ ಕೆಮ್ಮಿ ಹೊತ್ತಿಕೊಂಡಿತು. ಭೇರ್ಯದವರು ಅದರ ಸದ್ದು ಕೇಳಿದರು. ಆಮೇಲೆ ಎಂಜಿನ್ ಬಿಟ್ಟು ಕಾರಿನ ಸುತ್ತ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಎಡಗಡೆಯ ಹಿಂದಿನ ಬಾಗಿಲು ತೆಗೆದು ಬಗ್ಗಿದರು. ಬಾಗಿಲಿನ ಅಂಚಿನಲ್ಲಿ ಗೇಣುದ್ದ ಜಾಗ ಮಂಕಾಗಿ, ಗೀರುಗೀರಾಗಿ ಹಾಗೇ ಉಳಿದಿತ್ತು.

"ಎಲ್ಲ ಇಷ್ಟು ಚೆಂದಾಗ್ ಮಾಡಿ ಇದೊಂದ್ ಯಾಕ್ರೀ ಮರ್ತ್‌ಬುಟ್ರಿ?"

ನನಗೆ ಅವಮಾನವಾಯಿತು. ಅಕ್ಕನ ಕಡೆ ಸಿಟ್ಟಿನಿಂದ ನೋಡಿದೆ.

"ಮರ್ತಿಲ್ಲ ಕಣ್ರಪ್ಪ" ಅಂದಳು ಅವಳು. "ಅದು ನನ್ ಬಳೆ ಗುರ್ತು. ಎರಡು ದಿನದಿಂದ ಎರಿಗೆ ನೋವು, ಕೂಸು ಅಡ್ಡ ಕುಂತಿತ್ತು. ಡಾಕ್ಟ್ರಪ್ಪ ಹಾಡಿಗೇ ಬಂದು ಎತ್ತಾಕ್ಕಂಡ್ರು. ನೋವು ತಡೀನಾರ್ದೆ ಅಲ್ಲಿ ಹಿಡ್ಕಂಡಿದ್ದೆ. ಕೋಟೆ ಆಸ್ಪತ್ರೆ ಮುಟ್ಟೋಗಂಟ ತಡೀಲಿಲ್ಲ. ನನ್ ಮಗಳು ಹುಟ್ಟಿದ್ದು ಆ ಸೀಟಲ್ಲೇ."

ನಾನು ಕೆಲಸಕ್ಕೆ ಸೇರುವ ಮೊದಲಿನ ಮಾತು ಅದು. ಇಷ್ಟು ದಿನ ಪಕ್ಕದಲ್ಲೇ ನಿಂತು ಉಜ್ಜಿದರೂ ಒಂದು ಸಲವೂ ಅವಳು ಬಾಯಿ ಬಿಟ್ಟಿರಲಿಲ್ಲ. ಜಗಲಿಯಿಂದ ಡಾಕ್ಟರ ತೊದಲು ದನಿ ಬಂತು.

"ಕಾಲು... ಮುಂದಾಗಿ ಬಂತು. ಹೆಣ್ಣುಮಗು. ಬದುಕ್ತು."

ಭೇರ್ಯದವರು ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. ಮೆಕ್ಯಾನಿಕ್ ಕಡೆ ತಿರುಗಿ, "ಪಾನಾ ಚೀಲ ಡಿಕ್ಕೀಲಿ ಆಕ್ಲಾ. ಗಾಣಕ್ಕೆ ಇನ್ನೊಂದು ಎಂಜಿನ್ ನೋಡ್ಕಳಾನ. ಇದ ಹಿಂಗೇ ಓಡುಸ್ಕೊಂಡು ಓಗಾನ" ಅಂದರು. ಡಾಕ್ಟರ ಮುಂದೆ ಬಂದು ಕೈ ಮುಗಿದರು.

ಟೈರುಗಳಿಗೆ ಗಾಳಿ ತುಂಬಿಸಿದ ಮೇಲೆ ಕೆಂಪು ಕಾರು ಹಿತ್ತಲ ಗೇಟು ದಾಟಿ, ಬೀದಿಗೆ ತಿರುಗಿ, ಹುಣಸೂರಿನ ರಸ್ತೆ ಹಿಡಿಯಿತು. ಡಾಕ್ಟರು ಎಡಗೈ ಎತ್ತಿದ್ದವರು ಸದ್ದು ಅಡಗುವ ತನಕ ಇಳಿಸಲಿಲ್ಲ.

"ಕಾರಾಗೇ ಹೋಯ್ತು" ಅಂದರು.

ಅಕ್ಕ ಮರದ ಕೆಳಗೆ ಬಿದ್ದಿದ್ದ ಎಣ್ಣೆಬಟ್ಟೆಗಳನ್ನು ಆಯುತ್ತಿದ್ದಳು. ಮಣಿಕಟ್ಟಿನಿಂದ ಕಣ್ಣು ಒರೆಸಿಕೊಂಡಳು. ನಾನು ನೋಡಿದ್ದು ಗೊತ್ತಾಗಿ ಗದರಿದಳು.

"ಏನ್ ನೋಡ್ತೀರಿ? ಕೈಯೆಲ್ಲ ಮೇಣ ಮೆತ್ಕಂಡದೆ ಕಣ್ರೀ, ಅದುಕ್ಕೇ."