ಬಾಯಿಸತ್ತ ಗಾಡಿಯ ವಕೀಲ

ಜಪಾನಿನ ಕಾರೊಂದು ಗ್ಯಾರೇಜಿನ ಬಾಗಿಲಿಗೆ ಬಂದರೆ ಸಾಕು, ಮೇಸ್ತ್ರಿಯ ಪಿತ್ತ ನೆತ್ತಿಗೇರುತ್ತದೆ. ಕೋಪ ಕಾರಿನ ಮೇಲಲ್ಲ, ಅದರ ಯಜಮಾನನ ಮೇಲೆ. ಅಮೆರಿಕದ ಕಾರು ತಂದವರಿಗೆ ಕುರ್ಚಿ ಹಾಕಿ ಟೀ ತರಿಸುತ್ತಾನೆ. ಆ ಕಾರುಗಳು ತಿಂಗಳಿಗೊಮ್ಮೆ ನರಳಿ, ಕೆಮ್ಮಿ, ರಂಪ ಮಾಡಿಯಾದರೂ ಸೇವೆ ಮಾಡಿಸಿಕೊಳ್ಳುತ್ತವೆ. ಜಪಾನಿನದು ಬಾಯಿಸತ್ತ ಪ್ರಾಣಿ. ಮೇಸ್ತ್ರಿ ಬಾನೆಟ್ ಎತ್ತಿ, ಯಜಮಾನನ ಕರ್ಚೀಫನ್ನೇ ಇಸಿದುಕೊಂಡು ಆಯಿಲ್ ಕಡ್ಡಿ ಒರೆಸಿ, ಡಾಂಬರಿನಂಥ ಆ ಕಪ್ಪನ್ನು ಅವನ ಮೂಗಿಗೆ ಹಿಡಿಯುತ್ತಾನೆ. "ಎಷ್ಟು ವರ್ಷ ಆಯ್ತು ಸ್ವಾಮಿ, ಆಯಿಲ್ ಬದಲಾಯಿಸಿ?" "ಅದಕ್ಕೇನೂ ಆಗಲ್ಲ ಬಿಡಿ ಮೇಸ್ತ್ರಿ, ಜಪಾನ್ ಗಾಡಿ" ಎಂದು ಅವನು ಹಲ್ಲು ಕಿರಿದರೆ ಮುಗಿಯಿತು. "ಏನೂ ಆಗಲ್ಲ ಅಂತ ಅದೇ ಬಂದು ಹೇಳ್ತಾ ನಿಮಗೆ? ಕೂಗಲಿಲ್ಲ ಅಂದ್ರೆ ನೋವಿಲ್ಲ ಅಂತಾನಾ? ಒಳ್ಳೇದು ಅಂತ ಗೊತ್ತಾದ್ರೆ ಸಾಯೋವರೆಗೂ ದುಡಿಸೋದೇನ್ರೀ?" ಎದುರಿನ ಕ್ಷೌರದಂಗಡಿಯಲ್ಲಿ ಕತ್ತರಿಯ ಸದ್ದು ನಿಲ್ಲುತ್ತದೆ. ಮೇಷ್ಟರೊಬ್ಬರಿಂದ ಅವರ ಕಾರಿಗೇ ಕೈಮುಗಿಸಿ "ತಪ್ಪಾಯ್ತು" ಅನ್ನಿಸಿದ್ದೂ ಉಂಟು. ಆದರೆ ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಮೂರು ಸಲ ಸೋಪು ಹಾಕಿ ಕೈ ತೊಳೆದು, ಮನೆಗೆ ಓಡುತ್ತಾನೆ. ಮೂವತ್ತು ವರ್ಷ ಒಂದು ದಿನವೂ ಮೈ ಸರಿಯಿಲ್ಲ ಎನ್ನದೆ ದುಡಿದ ಹೆಂಡತಿ ಹೋದ ವರ್ಷ ಒಲೆಯ ಮುಂದೆ ಕುಸಿದವಳು ಮತ್ತೆ ಹಾಸಿಗೆ ಬಿಟ್ಟು ಎದ್ದಿಲ್ಲ. ತುತ್ತು ತುತ್ತಾಗಿ ಉಣ್ಣಿಸಿ, ತನ್ನ ಬಿಳಿ ಕರ್ಚೀಫಿನಿಂದ ಅವಳ ಬಾಯಿ ಒರೆಸಿ, "ಎಲ್ಲಾದ್ರೂ ನೋವಿದ್ರೆ ಹೇಳೇ" ಎಂದು ದಿನವೂ ಗೋಗರೆಯುತ್ತಾನೆ. ಅವಳು ದಿನವೂ ಅದೇ ಮಾತು ಹೇಳುತ್ತಾಳೆ: "ನಂಗೇನಾಗಿದೆ? ಚೆನ್ನಾಗೇ ಇದೀನಿ. ನಿಮ್ದು ಊಟ ಆಯ್ತಾ?"