ಬಣ್ಣ ಹಚ್ಚಲಾಗುವುದು

ಬೋರ್ಡು ಹಾಕಿದ ನಾಲ್ಕನೆಯ ದಿನ ನನ್ನ ಅಂಗಡಿಗೆ ಮೂವರು ಗಂಡಸರು ಬಂದರು. ಹೆಂಗಸರಿಗಾಗಿ ತೆರೆದ ಅಂಗಡಿ ಅದು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು, ಅವರಲ್ಲಿ ಹಿರಿಯರಾದವರು ಬಹಳ ವಿನಯದಿಂದ ಕೇಳಿದರು.

“ಅಕ್ಕೋರ, ನಮ್ಮೂರಾಗ ನಾಟಕ ಇಟ್ಕೊಂಡೀವಿ. ಹೀರೋಯಿನ್ ಪಾರ್ಟ್ ಮಾಡಾಕ ನೀವು ಬರ್ತೀರೇನ್ರಿ?”

ಮೈಸೂರಿನ ನಮ್ಮ ಬೀದಿಯಲ್ಲಿ ಕೂತು ಓದುವ ನಿಮಗೆ ಇದು ನಗೆಯ ಮಾತು. ನನಗೂ ನಗು ಬರಬೇಕಿತ್ತು. ಆದರೆ ಅವತ್ತು ನಾನು ಕೊಟ್ಟ ಉತ್ತರವನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ. ಈ ಬರಹವೇ ಆ ಉತ್ತರದ ಸಲುವಾಗಿ.

ಹಗರಿಬೊಮ್ಮನಹಳ್ಳಿಗೆ ನಾನು ಬಂದದ್ದು ಹೈಸ್ಕೂಲಿನ ಟೀಚರಾಗಿ. ಈ ಕಡೆ ಹೆಣ್ಣು ಟೀಚರನ್ನು ‘ಅಕ್ಕೋರು’ ಎನ್ನುತ್ತಾರೆ. ಮೊದಲ ಸಲ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಾಗೆ ಕರೆದಾಗ ಹಿಂದೆ ತಿರುಗಿ ಯಾರ ಅಕ್ಕನನ್ನು ಕರೆದರೋ ಎಂದು ನೋಡಿದ್ದೆ. ಹೋಟೆಲಿನಲ್ಲಿ ‘ಒಗ್ಗರಣಿ ಕೊಡ್ಲೇನ್ರಿ’ ಎಂದಾಗ, ಸಾರೇ ಇಲ್ಲದೆ ಒಗ್ಗರಣೆ ಯಾತಕ್ಕೆ ಎಂದು ಕೇಳಿ ಪಕ್ಕದ ಮೇಜಿನವರನ್ನೂ ನಗಿಸಿದ್ದೆ. ನಮ್ಮಲ್ಲಿ ಸಾಸಿವೆ ಸಿಡಿಸಿ ಸಾರಿಗೆ ಹಾಕುವುದು ಒಗ್ಗರಣೆ. ಇಲ್ಲಿ ಒಗ್ಗರಣೆ ಎಂದರೆ ಮಂಡಕ್ಕಿಯ ತಿಂಡಿ, ಜೊತೆಗೆ ಮಿರ್ಚಿ ಬಜ್ಜಿ. ಮೊದಮೊದಲು ಆ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಂಟಿತನದ ಅಳುವನ್ನೂ ಅದರ ಲೆಕ್ಕಕ್ಕೇ ಹಾಕಿಬಿಡುತ್ತಿದ್ದೆ.

ಆ ಕೆಲಸ ಯಾಕೆ ಬಿಟ್ಟೆ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಯಾರ ಕಿರುಕುಳವೂ ಇರಲಿಲ್ಲ. ನನಗೆ ಪಾಠ ಮಾಡಲು ಬರುತ್ತಿರಲಿಲ್ಲ, ಅಷ್ಟೇ. ಏಳು ವರ್ಷ ಸೀಮೆಸುಣ್ಣ ಹಿಡಿದರೂ ತರಗತಿಯ ಬಾಗಿಲಲ್ಲಿ ನಿಂತು ಪಾಠವನ್ನು ಇನ್ನೊಮ್ಮೆ ಉರು ಹೊಡೆದೇ ಒಳಗೆ ಹೋಗುತ್ತಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಮೈಸೂರಿಗೆ ಬಂದಾಗ ನಮ್ಮ ಬೀದಿಯ ಹೆಂಗಸೊಬ್ಬರ ಹತ್ತಿರ ಹುಬ್ಬು ತಿದ್ದುವುದು, ಮದುಮಗಳಿಗೆ ಅಲಂಕಾರ ಮಾಡುವುದು ಕಲಿತೆ. ನನ್ನ ಕೈಗೂ ಒಂದು ಕೆಲಸ ಬರುತ್ತದೆ ಎಂದು ಗೊತ್ತಾದದ್ದು ಆಗ. ಮೈಸೂರಿನಲ್ಲಿ ಅಂಗಡಿ ಇಡಲು ಧೈರ್ಯ ಸಾಲಲಿಲ್ಲ. ಅಲ್ಲಿ ಅಮ್ಮ ಇದ್ದಾಳೆ, ನೆಂಟರಿದ್ದಾರೆ. ಮಗಳು ಸರ್ಕಾರಿ ಟೀಚರ್ ಎಂದು ಹೇಳಿಕೊಳ್ಳುವುದೊಂದೇ ಅಮ್ಮನಿಗೆ ಉಳಿದಿದ್ದ ಸಡಗರ. ದೂರದ ಊರೇ ವಾಸಿ ಎಂದು ಇಲ್ಲೇ ರಾಜೀನಾಮೆ ಕೊಟ್ಟು, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕನ್ನಡಿ, ಕುರ್ಚಿ ಹಾಕಿದೆ. ಅಮ್ಮನಿಗೆ ಮಾತ್ರ ಪ್ರತಿ ಇನ್‌ಲ್ಯಾಂಡ್ ಕಾಗದದಲ್ಲೂ ‘ಶಾಲೆ ಚೆನ್ನಾಗಿ ನಡೆಯುತ್ತಿದೆ’ ಎಂದು ಬರೆದೆ. ಶಾಲೆ ಚೆನ್ನಾಗಿಯೇ ನಡೆಯುತ್ತಿತ್ತು, ನಾನಿಲ್ಲದೆ.

ಮನೆಯ ಒಡತಿ ಬಸಮ್ಮನವರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿಹೋದ ಹಳ್ಳಿಯವರು. ಮನೆ, ಹೊಲ ಎಲ್ಲ ಬಿಟ್ಟು ಇಲ್ಲಿ ಬಂದು ನೆಲೆಸಿದ್ದವರು. “ನಾವು ನೀರು ಬಂತಂತ ಬಿಟ್ವಿ. ನೀವು ಇದ್ದ ನೌಕ್ರಿ ಯಾತಕ್ಕ ಬಿಟ್ರಿ?” ಎಂದು ಕೇಳಿದರು. ನಾನು ಕನ್ನಡಿಯ ಧೂಳು ಒರೆಸತೊಡಗಿದೆ.

ಮೊದಮೊದಲು ಗಿರಾಕಿಗಳೇ ಇರಲಿಲ್ಲ. ಹುಬ್ಬು ತಿದ್ದುವಾಗ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಮೈಸೂರಿನಲ್ಲಿ ಅದನ್ನು ಯಾರೂ ಗಮನಿಸಿದ್ದಿಲ್ಲ. ಇಲ್ಲಿ ಬಂದ ಮೊದಲನೆಯ ಹೆಣ್ಣುಮಗಳೇ ಎದ್ದು ನಿಂತಳು. ಕುಂಕುಮ ಇಡುವ ಹಣೆಗೆ ಎಂಜಲು ದಾರ ತಾಗಿಸುವುದುಂಟೆ? ಊರೆಲ್ಲ ಸುದ್ದಿಯಾಯಿತು.

ಆಗ ಬಂದವಳು ಹುಲಿಗೆಮ್ಮ. ನಮ್ಮ ಹಿಂದಿನ ಸಾಲುಮನೆಯಲ್ಲಿದ್ದಳು, ನಾಟಕದ ಕಲಾವಿದೆ. ಹಳ್ಳಿ ಹುಡುಗರು ನಾಟಕ ಆಡುವಾಗ ಹೆಣ್ಣು ಪಾತ್ರಕ್ಕೆ ಇಂಥವರನ್ನು ಕರೆಸುತ್ತಾರೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಎಂದು ವರ್ಷದ ಅರ್ಧ ಬಸ್ಸಿನಲ್ಲೇ ಇರುತ್ತಿದ್ದಳು. ಖಾಲಿ ಕುರ್ಚಿಯ ಮುಂದೆ ದಾರ ಕಚ್ಚಿ ಕೈ ಪಳಗಿಸುತ್ತಿದ್ದ ನನ್ನ ಪಾಡನ್ನು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು, ದಾರದ ತುದಿಯನ್ನು ನನ್ನ ಬಾಯಿಂದ ಎಳೆದು ಕೊರಳಿಗೆ ಸುತ್ತಿ ಗಂಟು ಹಾಕಿದಳು. ಹಲ್ಲು ಮಾಡುವ ಕೆಲಸವನ್ನು ಕೊರಳು ಮಾಡಿತು. ಎಂಜಲಿನ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ದಿನಾ ಬರತೊಡಗಿದಳು. ಇಲ್ಲಿಯ ಬಿಸಿಲಿಗೆ ನಾನು ಹಚ್ಚಿದ ಪೌಡರೆಲ್ಲ ಒಂದು ಗಳಿಗೆಯಲ್ಲಿ ಬೆವರಿಗೆ ಇಳಿದುಹೋಗುತ್ತಿತ್ತು. ಅವಳು ಬಣ್ಣ ಹಚ್ಚಿದರೆ ಬೆಳಗಿನ ತನಕ ಅಲುಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ತನ್ನ ಮುಖವನ್ನೇ ನನಗೆ ಕಲಿಯುವ ಸ್ಲೇಟಿನ ಹಾಗೆ ಕೊಟ್ಟಳು. “ಮುಖ ಅಂದ್ರ ಬೋಗುಣಿ ಅಲ್ಲ ತಂಗಿ, ತಿಕ್ಕಬ್ಯಾಡ. ಒತ್ತು,” ಎನ್ನುತ್ತಿದ್ದಳು. ಊರಿಗೆಲ್ಲ ನಾನು ಅಕ್ಕೋರು. ಕೆಲಸ ಬಿಟ್ಟರೂ ಆ ಹೆಸರು ಬಿಡಲಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಇವಳೊಬ್ಬಳೇ ತಂಗಿ ಎಂದು ಏಕವಚನದಲ್ಲಿ ಕರೆದವಳು. ಅದನ್ನು ಕೇಳಿದ ದಿನ ಖಾರ ತಿನ್ನದೆಯೂ ಕಣ್ಣು ಒದ್ದೆಯಾಗಿತ್ತು.

ಆರು ತಿಂಗಳಲ್ಲಿ ಮದುವೆಮನೆಗಳಿಂದ ಕರೆ ಬರತೊಡಗಿತು. ಧೈರ್ಯ ಬಂದು ಬೋರ್ಡು ಬರೆಸಿದೆ. ‘ಉಗುರು, ಕೂದಲಿಗೆ ಬಣ್ಣ ಹಚ್ಚಲಾಗುವುದು’ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಬರೆಯುವವನು ಮೊದಲೆರಡು ಮಾತನ್ನು ಇರುವೆ ಸಾಲಿನಷ್ಟು ಮಾಡಿ, ಮಿಕ್ಕಿದ್ದನ್ನು ದಪ್ಪಕ್ಷರದಲ್ಲಿ ಬರೆದ. ನಮ್ಮ ಕಡೆ ಬಣ್ಣ ಎಂದರೆ ಮೊದಲು ಗೋಡೆ ನೆನಪಾದೀತು. ನಾಟಕ ಆಡದ ಊರೇ ಇಲ್ಲದ ಈ ಸೀಮೆಯಲ್ಲಿ ಬಣ್ಣ ಹಚ್ಚುವುದೆಂದರೆ ಪಾತ್ರ ಮಾಡುವುದು. ಹಾಗಾಗಿಯೇ ಆ ಮೂವರು ಬಂದದ್ದು.

ಅವರು ಕೇಳಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಅಮ್ಮ, ನೆಂಟರು, ಬಿಟ್ಟ ನೌಕರಿ ಎಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು. ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ.

“ನಾನು ಅಂಥವಳಲ್ಲ. ಮರ್ಯಾದಸ್ಥರ ಮನೆಯವಳು.”

ಹುಲಿಗೆಮ್ಮ ನನ್ನ ಕೈಕೆಳಗೇ ಕುರ್ಚಿಯಲ್ಲಿದ್ದಳು. ಅರ್ಧ ಮುಖಕ್ಕೆ ಪೌಡರ್ ಒತ್ತಿಯಾಗಿತ್ತು. ಮುಚ್ಚಿದ್ದ ಕಣ್ಣು ತೆರೆದು ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಅಷ್ಟೇ. ಹಿರಿಯರು ತಪ್ಪಾಯಿತು ಎಂದು ಹಿಂದೆ ಸರಿದವರು ಅವಳನ್ನು ಗುರುತಿಸಿ, ನನಗೆ ಮುಗಿಯದಿದ್ದ ಕೈಯನ್ನು ಅವಳಿಗೆ ಮುಗಿದರು. ಹುಲಿಗೆಮ್ಮನವರ ಪಾತ್ರ ನೋಡಿ ತಮ್ಮ ಊರು ಅತ್ತಿತ್ತು ಎಂದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹೊರಗೆ ಜಗಲಿಯ ಮೇಲೆ ಅವರ ಜೊತೆ ಕೂತು ನಗುನಗುತ್ತಾ ಮಾತಾಡಿದಳು. ತಿರುಗಿ ಒಳಗೆ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ವಾರ ತಡೆದು ಅವಳ ಮನೆಗೆ ಹೋದೆ. ಚಾಪೆ ಹಾಸಿದಳು, ಚಹಾ ಕೊಟ್ಟಳು. ನಿಮಗೆ ಅಂದದ್ದಲ್ಲ ಎಂದು ಏನೇನೋ ತೊದಲಿದೆ.

“ಇರ್ಲಿ ಬಿಡ್ರಿ ಅಕ್ಕೋರ,” ಎಂದಳು.

ಮೊದಲಿನ ಹಾಗೆ ತಂಗಿ ಅನ್ನಿ ಎಂದು ಬೇಡಿಕೊಂಡೆ. ಅವಳು ಲೋಟ ಎತ್ತಿಟ್ಟು ಸಮಾಧಾನವಾಗಿಯೇ ಹೇಳಿದಳು.

“ಮರ್ಯಾದಸ್ಥರ ಮನಿಯೋರನ್ನ ಹಂಗ ಕರ್ಯಾಕ ನನಗ ಬಾಯಿ ಬರಂಗಿಲ್ರಿ.”

ಅವತ್ತೇ ಕೂತು ಅಮ್ಮನಿಗೆ ನಿಜ ಬರೆದೆ. ಅಮ್ಮನ ಉತ್ತರದಲ್ಲಿ ಬೈಗುಳ ಇರಲಿಲ್ಲ. ಬೀದಿಯವರಿಗೆ ಗೊತ್ತಾಗುವುದು ಬೇಡ ಎಂದಿತ್ತು. ಮೈಸೂರಿಗೆ ಬಂದಾಗ ‘ಶಾಲೆಗೆ ರಜವೇ ಟೀಚರ್’ ಎಂದು ನೀವು ಕೇಳಿದ್ದೀರಿ, ನಾನು ಹೌದೆಂದಿದ್ದೇನೆ. ಇನ್ನು ಕೇಳಬೇಡಿ. ಅಲ್ಲಿ ಬಾಯಿತಪ್ಪಿ ‘ಐತಿ’ ಎಂದರೆ ನಗುತ್ತೀರಿ, ಇಲ್ಲಿ ‘ಇದೆ’ ಎಂದರೆ ನಗುತ್ತಾರೆ. ಅಲ್ಲಿ ಟೀಚರ್, ಇಲ್ಲಿ ಅಕ್ಕೋರು. ಎರಡೂ ನಾನು ಬಿಟ್ಟ ಕೆಲಸದ ಹೆಸರುಗಳು.

ಬೋರ್ಡನ್ನು ನಾನು ತಿದ್ದಿಸಲಿಲ್ಲ. ಈಗಲೂ ವರ್ಷಕ್ಕೆ ನಾಲ್ಕೈದು ಊರಿನವರು ಬಂದು ಕೇಳುತ್ತಾರೆ. ಕೂರಿಸಿ, ನೀರು ಕೊಟ್ಟು, ಹುಲಿಗೆಮ್ಮನವರ ಮನೆ ತೋರಿಸುತ್ತೇನೆ. ನಾಟಕವಿದ್ದ ದಿನ ಮಧ್ಯಾಹ್ನ ಅವಳೂ ಎಲ್ಲ ಗಿರಾಕಿಗಳ ಹಾಗೆ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಕೊರಳಿಗೆ ದಾರ ಸುತ್ತಿ ಅವಳ ಹುಬ್ಬು ತಿದ್ದುತ್ತೇನೆ. ಪೌಡರ್ ಕೈಗೆತ್ತಿಕೊಂಡಾಗ ಅವಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ.

“ತಿಕ್ಕಬ್ಯಾಡ್ರಿ ಅಕ್ಕೋರ. ಒತ್ರಿ.”